ಮಾತ್ರೆ ನಿಲ್ಲಿಸಿ ಎಂದ ಪಾಸ್ಟರ್

ಸುನಂದಾ (ಹೆಸರು ಮತ್ತು ಗುರುತು ಬದಲಿಸಿದ್ದೇನೆ) ಮೊದಲು ಕೇಳಿದ್ದು ಮಗಳ ವಿಷಯ ಅಲ್ಲ. "ಮೇಡಂ, ನನ್ನ ನಂಬಿಕೆ ಯಾಕೆ ಇಷ್ಟು ಕಮ್ಮಿ?" ಅಂತ.

ಮಾತಾಡ್ತಾ ಹೋದಂತೆ ವಿಷಯ ಹೊರಬಂತು. ಹೈಸ್ಕೂಲು ಓದುವ ಮಗಳಿಗೆ ಫಿಟ್ಸ್. ಮಾತ್ರೆಯಿಂದ ಹತೋಟಿಯಲ್ಲಿತ್ತು. ಹಳೇ ಸಭೆ (ಚರ್ಚ್) ಬಿಟ್ಟು ಮನೆ ಹತ್ತಿರದ ಹೊಸ ಪ್ರಾರ್ಥನಾ ಕೂಟಕ್ಕೆ ಹೋಗತೊಡಗಿದ್ದರು. ಅಲ್ಲಿನ ಪಾಸ್ಟರ್, "ಇದು ರೋಗ ಅಲ್ಲ, ದೆವ್ವ. ಮಾತ್ರೆ ಕೊಡ್ತಾ ಇರೋವರೆಗೂ ನಿಮ್ಮದು ಅರ್ಧ ನಂಬಿಕೆ" ಎಂದರು. ದೆವ್ವ ಬಿಡಿಸುವ 'ಬಿಡುಗಡೆ ಪ್ರಾರ್ಥನೆ'ಗೆ ದೊಡ್ಡ ಕಾಣಿಕೆ ಕೇಳಿದರು. ಸುನಂದಾ ಬಳೆ ಅಡವಿಟ್ಟರು, ಮಾತ್ರೆಯನ್ನೂ ನಿಲ್ಲಿಸಿದರು. ಸ್ವಲ್ಪ ದಿನದಲ್ಲೇ ಹುಡುಗಿಗೆ ಮತ್ತೆ ಫಿಟ್ಸ್ ಬಂತು. "ಮನೇಲಿ ಯಾರದೋ ಅವಿಶ್ವಾಸ ಇದೆ" ಎಂದರಂತೆ ಪಾಸ್ಟರ್. ವಾಸಿಯಾದರೆ ಅವರ ಅಭಿಷೇಕ, ಅಂದರೆ ದೇವರು ಅವರಿಗೆ ಕೊಟ್ಟ ಶಕ್ತಿ, ಆಗದಿದ್ದರೆ ತಾಯಿಯ ತಪ್ಪು. ಚಾಲಾಕಿ ಮಾತು, ಅಲ್ವಾ?

ನಂಬಿಕೆಯ ಮಾತು ಆಮೇಲೆ, ಇವತ್ತೇ ಡಾಕ್ಟರ ಹತ್ತಿರ ಹೋಗಿ ಎಂದೆ. ಫಿಟ್ಸ್ ಮಾತ್ರೆ ಒಮ್ಮೆಲೇ ನಿಲ್ಲಿಸಿದರೆ ಜೀವಕ್ಕೇ ಅಪಾಯ ಆಗಬಹುದು. ಹಳೇ ಡೋಸನ್ನು ತಾವಾಗಿಯೇ ಶುರು ಮಾಡುವುದೂ ಬೇಡ. ಕೆಲವು ಮಾತ್ರೆಗಳನ್ನು ಮತ್ತೆ ಕಡಿಮೆಯಿಂದ ಏರಿಸಿಕೊಂಡು ಬರಬೇಕಾಗುತ್ತದೆ. ಫಿಟ್ಸ್ 5 ನಿಮಿಷ ದಾಟಿದರೆ ಕಾಯದೆ 108ಕ್ಕೆ ಫೋನ್ ಮಾಡಿ ಎಂದೂ ಹೇಳಿದೆ.

ಮುಂದಿನ ಸಲ ಆಕೆ ಸತ್ಯವೇದ (ಬೈಬಲ್) ಹಿಡಿದುಕೊಂಡೇ ಬಂದರು. "ಮಾರ್ಕ 9ರಲ್ಲಿ ಯೇಸು ಆ ಹುಡುಗನ ದೆವ್ವ ಬಿಡಿಸಿದ್ದು ಸುಳ್ಳಾ?" ಸುಳ್ಳು ಎನ್ನಲಿಲ್ಲ. ನಾನೂ ಅದನ್ನು ನಂಬುವವಳೇ. ಮತ್ತಾಯ 4:24 ಓದಿ ಎಂದೆ. ಅಲ್ಲಿ ದೆವ್ವ ಹಿಡಿದವರು ಬೇರೆ, ಮೂರ್ಛೆರೋಗದವರು ಬೇರೆ. ಶಿಷ್ಯ ತಿಮೊಥೆಯನ ಹೊಟ್ಟೆಯ ತೊಂದರೆಗೆ, ಯೇಸುವಿನ ಸುವಾರ್ತೆ ಸಾರಿದ ಅಪೊಸ್ತಲ ಪೌಲ ಸ್ವಲ್ಪ ದ್ರಾಕ್ಷಾರಸ ತಗೋ ಎಂದ, ನಿನಗೆ ನಂಬಿಕೆ ಸಾಲದು ಎನ್ನಲಿಲ್ಲ. ಪೌಲನ ಜೊತೆಗಿದ್ದ ಲೂಕನೇ ವೈದ್ಯ.

ಆಕೆಯ ನಿಜವಾದ ಭಯ ಬೇರೆ ಇತ್ತು. ದೇವರು ಅಭಿಷೇಕಿಸಿದವರನ್ನು ಪ್ರಶ್ನೆ ಮಾಡಿದರೆ ಶಾಪ ತಟ್ಟುತ್ತೆ, 105ನೇ ಕೀರ್ತನೆಯಲ್ಲೇ ಇದೆ ಎಂದು ಹೆದರಿಸಿದ್ದರು. ಕೀರ್ತನೆಯ ಆ ಭಾಗ ಹೇಳುವುದು ಅಬ್ರಹಾಮ, ಇಸಾಕ, ಯಾಕೋಬರ ಕಥೆ. ಅವರಿಗೆ ಕೇಡು ಮಾಡಬೇಡಿ ಎಂದು ದೇವರು ರಾಜರನ್ನು ಗದರಿಸಿದ್ದು. ಪಾಸ್ಟರನ್ನು ಲೆಕ್ಕ ಕೇಳಬೇಡಿ ಎಂದಲ್ಲ! ಅಂತಿಯೋಕ್ಯ ಪಟ್ಟಣದಲ್ಲಿ ಪೌಲ ಯೇಸುವಿನ ಶಿಷ್ಯ ಪೇತ್ರನನ್ನೇ ಎದುರಿಗೇ ತಪ್ಪು ಎಂದ. ಬೆರೋಯ ಊರಿನವರು ಪೌಲನ ಬೋಧನೆಯನ್ನೂ ದಿನಾ ಶಾಸ್ತ್ರ ತೆಗೆದು ಪರೀಕ್ಷಿಸಿದರು. ಬೈಬಲ್ಲಿನ ಅಪೊಸ್ತಲರ ಕೃತ್ಯಗಳು ಪುಸ್ತಕದಲ್ಲಿ ಅದನ್ನು ಹೊಗಳಿ ಬರೆದಿದೆ.

ಯೆರೂಸಲೇಮಿನ ಬಡವರ ಕಾಣಿಕೆ ಸಾಗಿಸುವಾಗಲೂ ಪೌಲ ಹಣವನ್ನು ಒಬ್ಬನೇ ಇಟ್ಟುಕೊಳ್ಳಲಿಲ್ಲ. ಯಾರೂ ಬೊಟ್ಟು ಮಾಡದಿರಲಿ ಎಂದು ಸಭೆಗಳೇ ಆರಿಸಿದವರನ್ನು ಜೊತೆಗೆ ಸೇರಿಸಿಕೊಂಡ. ಹಾಗಾಗಿ ಗಂಡನನ್ನೂ ಕರೆದುಕೊಂಡು ಹೋಗಿ ಎರಡು ಮಾತು ಕೇಳಿ ಎಂದೆ. ಕಾಣಿಕೆ ಲೆಕ್ಕ ಯಾರು ನೋಡ್ತಾರೆ? ಮಗಳು ಮಾತ್ರೆ ತಗೊಳ್ತಾ ಇದ್ದರೂ ಅವಳಿಗಾಗಿ ಪ್ರಾರ್ಥನೆ ಮಾಡ್ತೀರಾ? ಉತ್ತರಕ್ಕಿಂತ ಜಾಸ್ತಿ, ಕೇಳಿದಾಗ ಅವರು ಹೇಗೆ ನಡೆದುಕೊಳ್ತಾರೆ ಅದನ್ನು ಗಮನಿಸಿ. ಮತ್ತಾಯ 7ರಲ್ಲಿ ಯೇಸು ಸುಳ್ಳು ಪ್ರವಾದಿಗಳನ್ನು ಫಲದಿಂದ ತಿಳಿಯಿರಿ ಎನ್ನುತ್ತಾನೆ. ಫಲ ಎಂದರೆ ಅದ್ಭುತ ಅಲ್ಲ. ನಿನ್ನ ಹೆಸರಿನಲ್ಲೇ ದೆವ್ವ ಬಿಡಿಸಿದೆವು ಎನ್ನುವವರಿಗೂ ನಿಮ್ಮ ಗುರುತೇ ನನಗಿಲ್ಲ ಎನ್ನುವುದು ಅದೇ ಅಧ್ಯಾಯದಲ್ಲಿದೆ.

ತಪ್ಪು ಬೋಧಿಸುವ ಎಲ್ಲರೂ ವಂಚಕರಲ್ಲ, ಅದನ್ನೂ ಹೇಳಿದೆ. ಅದೇ ಕಾಲದ ಬೋಧಕ ಅಪೊಲ್ಲೋಸನಿಗೆ ಅರ್ಧವೇ ಗೊತ್ತಿತ್ತು. ಪ್ರಿಸ್ಕಿಲ್ಲ, ಅಕ್ವಿಲ ದಂಪತಿ ಕೂರಿಸಿಕೊಂಡು ತಿಳಿಸಿದಾಗ ಕಲಿತ.

ಕೇಳಿದ ಮೇಲೂ ಈ ಪಾಸ್ಟರ್ ಕಲಿಯಲಿಲ್ಲ. ಮುಂದಿನ ಭಾನುವಾರ ಎಲ್ಲರೆದುರು "ಸಭೆಯೊಳಗೆ ಯೆಜೆಬೇಲಳ ಆತ್ಮ ಬಂದಿದೆ" ಎಂದರು. ಯೆಜೆಬೇಲ್ ಬೈಬಲ್ಲಿನ ದುಷ್ಟ ರಾಣಿ. ಸುನಂದಾ ಅಳುತ್ತಾ ಬಂದರು, ಆದರೆ ಗೊಂದಲ ಹೋಗಿತ್ತು. ಈಗ ಹಳೇ ಸಭೆಗೆ ಮರಳಿದ್ದಾರೆ. ಅಲ್ಲಿನ ಅಯ್ಯನವರು ಹುಡುಗಿಗಾಗಿ ಪ್ರಾರ್ಥಿಸುತ್ತಾರೆ, ಮಾತ್ರೆ ತಗೊಂಡೆಯಾ ಎಂದೂ ಕೇಳುತ್ತಾರೆ. ಬಳೆ ಇನ್ನೂ ಬಿಡಿಸಿಕೊಂಡಿಲ್ಲ. ಅತ್ತೆ ಈಗಲೂ ಆ ಕೂಟಕ್ಕೇ ಹೋಗುತ್ತಾರೆ. ಅವರ ಜೊತೆ ಜಗಳ ಬೇಡ, ಮಗಳ ಮಾತ್ರೆ ಡಬ್ಬಿ ಮಾತ್ರ ನಿಮ್ಮ ಕೈಯಲ್ಲೇ ಇರಲಿ ಎಂದಿದ್ದೇನೆ.