ದುಡ್ಡು ಕೊಟ್ಟರೆ ಸಾಫ್ಟ್‌ವೇರ್ ನಮ್ಮದಾಗುತ್ತದೆಯೇ?

ಪ್ರಶ್ನೆ: ಮಾಟುಂಗ, ಠಾಣೆ, ಡೊಂಬಿವಲಿಗಳಲ್ಲಿ ನಮ್ಮ ಹೋಟೆಲುಗಳಿವೆ. ಬಿಲ್ಲಿಂಗ್ ಮತ್ತು ಸ್ಟಾಕಿನ ಸಾಫ್ಟ್‌ವೇರನ್ನು ಹೊರಗಿನ ಡೆವಲಪರ್ ಒಬ್ಬರು ಬರೆದುಕೊಟ್ಟಿದ್ದಾರೆ. ಈಗ ಎಎಂಸಿ (ವಾರ್ಷಿಕ ನಿರ್ವಹಣೆಯ ಕರಾರು) ದರ ಏರಿಸಬೇಕು ಅನ್ನುತ್ತಾರೆ. ಕೋಡ್, ಅಂದರೆ ಅದರ ಮೂಲ ಬರಹ, ಕೇಳಿದರೆ ಕೊಡುವುದಿಲ್ಲ. ಪೂರ್ತಿ ಹಣ ಕೊಟ್ಟವರು ನಾವು. ಕಂಪ್ಯೂಟರ್ ವಿಷಯ ನನಗೆ ತಿಳಿಯದು. ಏನು ಮಾಡಲಿ?
— ಓದುಗರು, ಡೊಂಬಿವಲಿ

ಉತ್ತರ: ಹಣ ಕೊಟ್ಟ ಮಾತ್ರಕ್ಕೆ ಕೋಡ್ ನಿಮ್ಮದಾಗುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಂಬಳದ ನೌಕರ ತನ್ನ ಕೆಲಸದ ಭಾಗವಾಗಿ ಬರೆದದ್ದು ಮಾಲೀಕರದು. ಗುತ್ತಿಗೆಗೆ ಹೊರಗಿನವರು ಬರೆದದ್ದು, ಲಿಖಿತ ಕರಾರಿನಲ್ಲಿ ನಿಮಗೆ ವಹಿಸಿಕೊಡದಿದ್ದರೆ, ಬರೆದವರದೇ. ಕರಾರು ಇದ್ದರೂ ನಿಶ್ಚಿಂತೆಯಿಂದ ಇರುವಂತಿಲ್ಲ: 19ನೇ ಕಲಮಿನಂತೆ ಅವಧಿ ನಮೂದಿಸದಿದ್ದರೆ ಹಕ್ಕು 5 ವರ್ಷಕ್ಕೆ ಮಾತ್ರ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. ಹೊಸದಾಗಿ ಬರೆಸುವಾಗ ‘ಕೃತಿಸ್ವಾಮ್ಯದ ಪೂರ್ಣ ಅವಧಿಗೆ, ಎಲ್ಲ ದೇಶಗಳಿಗೆ’ ಎಂದು ಸೇರಿಸಿ ಡೆವಲಪರ್ ಸಹಿ ಹಾಕಿಸಿಕೊಳ್ಳಿ.

ಅದು ವಕೀಲರೊಂದಿಗೆ ಕೂತು ಮಾಡುವ ಕೆಲಸ. ಅದಕ್ಕೂ ಮೊದಲು, ದರದ ಮಾತು ಬಿಸಿಯಾಗುವ ಮುನ್ನವೇ, ನಿಮ್ಮ ಲೆಕ್ಕವನ್ನು ಹೊರತೆಗೆಯಿರಿ. ಕೋಡ್ ಅವರದೇ ಇರಬಹುದು, ಮಾರಾಟದ ಲೆಕ್ಕ ನಿಮ್ಮದು. ಡೇಟಾಬೇಸಿನ ಪೂರ್ಣ ಪ್ರತಿ ಒಂದು. ಐಟಂ ಪಟ್ಟಿ, ಮಾರಾಟ, ಖರೀದಿ, ಸರಬರಾಜುದಾರರ ಬಾಕಿ ಇವುಗಳ ಸಿಎಸ್‌ವಿ ಫೈಲುಗಳು (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಟ್ಟಿಗಳು) ಬೇರೆ. ಪೂರ್ಣ ಪ್ರತಿಯನ್ನು ಓದಲು ಆ ಡೇಟಾಬೇಸ್ ಬಲ್ಲವರೇ ಬೇಕು. ಸಿಎಸ್‌ವಿ ನಿಮ್ಮ ಎಕ್ಸೆಲ್‌ನಲ್ಲೇ ತೆರೆಯುತ್ತದೆ. ಯಾವುದಾದರೂ ಒಂದು ತಿಂಗಳ ಮಾರಾಟ ಕೂಡಿಸಿ, ಜಿಎಸ್‌ಟಿ ರಿಟರ್ನಿನ ಮೊತ್ತಕ್ಕೆ ತಾಳೆ ನೋಡಿ. ಸಾಮಾನ್ಯವಾಗಿ ತಪ್ಪುವುದು ರದ್ದಾದ ಬಿಲ್ಲುಗಳ ಲೆಕ್ಕದಲ್ಲಿ. ಹಳೆಯ ವರ್ಷಗಳದ್ದೂ ಬೇಕು, ಏಕೆಂದರೆ ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಕೆಯ ಕೊನೆಯ ದಿನಾಂಕದಿಂದ 72 ತಿಂಗಳು ಇಟ್ಟಿರಬೇಕು.

ಆಮೇಲೆ ಖಾತೆಗಳು. ಡೊಮೇನ್ ಹೆಸರು, ಸರ್ವರ್ ಬಾಡಿಗೆ, ಡೇಟಾಬೇಸಿನ ಅಡ್ಮಿನ್ ಪಾಸ್‌ವರ್ಡ್, ಪೇಮೆಂಟ್ ಗೇಟ್‌ವೇ, ಎಸ್ಸೆಮ್ಮೆಸ್ ಸೇವೆ: ಪ್ರತಿಯೊಂದೂ ಯಾರ ಇಮೇಲಿನಲ್ಲಿದೆ, ಓಟಿಪಿ ಯಾರ ಮೊಬೈಲಿಗೆ ಬರುತ್ತದೆ ಎಂದು ಕಾಗದದ ಮೇಲೆ ಬರೆದುಕೊಳ್ಳಿ. ಡೆವಲಪರ್ ಸಂಖ್ಯೆ ಇದ್ದಲ್ಲೆಲ್ಲ ಸಂಸ್ಥೆಯ ಸಂಖ್ಯೆ ಬರಬೇಕು. ಬರಿಯ ಪಾಸ್‌ವರ್ಡ್ ಪಡೆದರೆ ಸಾಲದು. ‘ಪಾಸ್‌ವರ್ಡ್ ಮರೆತಿದೆ’ ಒತ್ತಿದವರ ಫೋನಿಗೆ ಓಟಿಪಿ ಬಂದರೆ ಖಾತೆ ಅವರದೇ.

ಕೋಡ್ ಕೊಡಲು ಒಪ್ಪಿದರೆ ಪೆನ್‌ಡ್ರೈವ್ ತೆಗೆದುಕೊಂಡು ಸುಮ್ಮನಾಗಬೇಡಿ. ಬೇರೊಬ್ಬ ಡೆವಲಪರಿಗೆ ಒಂದು ದಿನದ ಕೂಲಿ ಕೊಟ್ಟು, ಖಾಲಿ ಕಂಪ್ಯೂಟರಿನಲ್ಲಿ ಅದರಿಂದಲೇ ಸಾಫ್ಟ್‌ವೇರ್ ಎಬ್ಬಿಸಿ ಒಂದು ಬಿಲ್ ಮುದ್ರಿಸಲು ಹೇಳಿ. ಕಾನ್ಫಿಗರೇಶನ್ (ಸೆಟ್ಟಿಂಗುಗಳ) ಫೈಲ್ ಇಲ್ಲದೆ, ಲೈಬ್ರರಿಯ (ಅದು ಬಳಸುವ ಸಿದ್ಧ ಕೋಡಿನ) ಆವೃತ್ತಿ ಹೊಂದದೆ ನಿಂತುಹೋಗುವುದು ಅಲ್ಲೇ. ಎಎಂಸಿ ಏರಿಕೆಗೆ ನೀವು ಒಪ್ಪುವುದಾದರೆ, ಬದಲಿಗೆ ಇದನ್ನೇ ಕೇಳಿ: ಪ್ರತಿ ತಿಂಗಳು ಸಂಸ್ಥೆಯ ಖಾತೆಗೆ ಹೊಸ ಕೋಡ್, ಬಿಟ್ಟುಹೋಗುವಾಗ 60 ದಿನದ ನೆರವು.

ಪ್ರಶ್ನೆ: ಚಾಕಣದಲ್ಲಿ ನಮ್ಮ ಬಿಡಿಭಾಗಗಳ ಘಟಕ. ಬ್ಯಾಕಪ್ ದಿನಾ ರಾತ್ರಿ ಆಗುತ್ತದೆ ಎಂದು ಐಟಿಯವರು ಹೇಳುತ್ತಾರೆ. ಮ್ಯಾನೇಜರಾಗಿ ನಾನು ಏನು ಕೇಳಬೇಕು?
— ಓದುಗರು, ಪುಣೆ

ಉತ್ತರ: ‘ಕಳೆದ ಬಾರಿ ವಾಪಸ್ ತೆಗೆದು ನೋಡಿದ್ದು ಯಾವಾಗ?’ ಎಂದು ಕೇಳಿ. ಮೂರು ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ನಿಮ್ಮ ಎದುರೇ ರಿಸ್ಟೋರ್ ಆಗಲಿ. ಶುರುವಾದ, ಮುಗಿದ ಹೊತ್ತು ನೀವೇ ಬರೆದುಕೊಳ್ಳಿ. ಕೊನೆಯ ಇನ್‌ವಾಯ್ಸ್ ಸಂಖ್ಯೆ ನೋಡಿ. ರಾತ್ರಿಯ ಬ್ಯಾಕಪ್ ಅಂದರೆ ಸಂಜೆ ಸರ್ವರ್ ಕೆಟ್ಟರೆ ಇಡೀ ದಿನದ ಡಿಸ್ಪ್ಯಾಚ್ ಎಂಟ್ರಿ ಹೋಯಿತು. ಎಷ್ಟು ಗಂಟೆಯ ನಷ್ಟ ತಾಳಿಕೊಳ್ಳಬಹುದು ಎಂದು ತೀರ್ಮಾನಿಸುವುದು ಐಟಿಯವರ ಕೆಲಸವಲ್ಲ, ನಿಮ್ಮದು.

ಸದಾ ಸರ್ವರಿಗೆ ಸಿಕ್ಕಿಸಿಟ್ಟ ಡ್ರೈವ್ ಬ್ಯಾಕಪ್ ಅಲ್ಲ. ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ, ಬಿಡಿಸಲು ಹಣ ಕೇಳುವ ಕುತಂತ್ರಾಂಶ) ಬಂದರೆ ಅದಕ್ಕೂ ಬೀಗ ಹಾಕುತ್ತದೆ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿಯಾದರೂ ಘಟಕದ ಹೊರಗೆ. ಅದರಲ್ಲೊಂದು ಜಾಲದಿಂದ ಕಳಚಿರಲಿ. ದಾಳಿಯಾದರೆ ನೆಟ್‌ವರ್ಕ್ ಕೇಬಲ್ ಕೀಳಿ, ಗಾಬರಿಯಲ್ಲಿ ಫಾರ್ಮ್ಯಾಟ್ ಮಾಡಬೇಡಿ, ಸಾಕ್ಷ್ಯ ಅಳಿಯುತ್ತದೆ. ಸರ್ಟ್-ಇನ್‌ನ (ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) 2022ರ ಏಪ್ರಿಲ್ ನಿರ್ದೇಶನದಂತೆ ಗಮನಕ್ಕೆ ಬಂದ 6 ಗಂಟೆಯೊಳಗೆ ಅವರಿಗೆ ತಿಳಿಸಬೇಕು, 180 ದಿನಗಳ ಲಾಗ್ (ಯಂತ್ರದಲ್ಲಿ ಯಾವಾಗ ಏನಾಯಿತೆಂಬ ದಾಖಲೆ) ಇಟ್ಟಿರಬೇಕು. ಯಾರಿಗೆ ತಿಳಿಸಬೇಕೆಂಬ ವಿವರ ಮುದ್ರಿತವಾಗಿ ಗೋಡೆಯ ಮೇಲಿರಲಿ. ಆ ಹೊತ್ತಿಗೆ ಫೈಲುಗಳು ತೆರೆಯುವುದಿಲ್ಲ.

ಪ್ರಶ್ನೆ: ನಮ್ಮ ಲಾಡ್ಜಿನಲ್ಲಿ ಅತಿಥಿಗಳ ಆಧಾರ್ ಫೋಟೋ ರಿಸೆಪ್ಶನ್ ಹುಡುಗರ ವಾಟ್ಸಾಪ್‌ನಲ್ಲಿ ಉಳಿದಿರುತ್ತದೆ. ತೊಂದರೆಯೇ?
— ಓದುಗರು, ಮಡಗಾಂವ್

ಉತ್ತರ: ತೊಂದರೆಯೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ತಕ್ಕ ಭದ್ರತೆ ಮಾಡದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಲಾಡ್ಜಿನ ಹೆಸರಿನ ಒಂದೇ ಫೋನ್ ಇರಲಿ, ಅದರಲ್ಲಿ ಫೋಟೋ ಗ್ಯಾಲರಿಗೆ ತಾನಾಗಿ ಸೇರುವ ಸೆಟ್ಟಿಂಗ್ ಆಫ್ ಮಾಡಿ. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಸಾಕಾಗುವಲ್ಲಿ ಅದನ್ನೇ ಕೇಳಿ. ಕೆಲಸ ಬಿಟ್ಟವರ ಫೋನಿನಿಂದ ಹಳೆಯ ಚಿತ್ರಗಳು ಅಳಿದದ್ದನ್ನು ಕಡೆಯ ಸಂಬಳದ ದಿನ ನೋಡಿಕೊಳ್ಳಿ, ಬ್ಯಾಕಪ್ ಮತ್ತು ‘ಟ್ರ್ಯಾಶ್’ ಸಹಿತ.