ಮಳೆಗಾಲದ ಬೂಸ್ಟಿಗೆ ಅಡ್ವಾನ್ಸ್ ಹಿಡಿಯಬಹುದೇ?

ಪ್ರಶ್ನೆ: ಮಡಿಕೇರಿಯಲ್ಲಿ ಎರಡು ವರ್ಷ ಬಾಡಿಗೆಗಿದ್ದೆ. ಬಾಡಿಗೆ 9,000 ರೂಪಾಯಿ, ಅಡ್ವಾನ್ಸ್ 60,000. ಆಗಸ್ಟ್‌ನಲ್ಲಿ ಮನೆ ಖಾಲಿ ಮಾಡಿದೆ. ಗೋಡೆಗೆಲ್ಲ ಬೂಸ್ಟು ಹಿಡಿದಿದೆ, ಪೂರ್ತಿ ಪೇಂಟ್ ಮಾಡಿಸಬೇಕು ಅಂತ ಓನರ್ 35,000 ಹಿಡಿದುಕೊಂಡರು. ಕರಾರಿನಲ್ಲಿ ‘ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಕಡಿತ’ ಎಂದಷ್ಟೇ ಇದೆ. ಪೊಲೀಸರಿಗೆ ದೂರು ಕೊಡಲೇ?
– ಓದುಗರು, ಕುಶಾಲನಗರ

ಉತ್ತರ: ಪೊಲೀಸ್ ಸ್ಟೇಷನ್‌ಗೆ ಹೋದರೆ ‘ಇದು ಸಿವಿಲ್ ವಿಷಯ’ ಎಂದು ವಾಪಸ್ ಕಳಿಸುವುದೇ ಜಾಸ್ತಿ. ಅದರ ಬದಲು ಕರಾರಿನ ಆ ಸಾಲನ್ನು ಹಿಡಿದುಕೊಳ್ಳಿ. 9,000 ಕಡಿತಕ್ಕೆ ನೀವು ಒಪ್ಪಿದ್ದೀರಿ, ಅದನ್ನು ಬಿಟ್ಟುಬಿಡಿ. ಉಳಿದ 26,000 ಯಾವ ಲೆಕ್ಕದಲ್ಲಿ ಹಿಡಿದರು? ಅದನ್ನು ಓನರೇ ಹೇಳಬೇಕು.

ಬೂಸ್ಟಿನ ವಿಷಯಕ್ಕೆ ಬರೋಣ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ ಬಾಡಿಗೆದಾರರು ಮನೆಯನ್ನು ಕೊಟ್ಟ ಸ್ಥಿತಿಯಲ್ಲೇ ಮರಳಿಸಬೇಕು ನಿಜ. ಆದರೆ ಸಹಜ ಸವಕಳಿಗೆ ಅವರು ಹೊಣೆಯಲ್ಲ. ಜೂನ್‌ನಿಂದ ಬಿಡದೆ ಸುರಿಯುವ ಊರಲ್ಲಿ ಬೀರುವಿನ ಹಿಂದಿನ ಗೋಡೆ ಕಪ್ಪಾಗುವುದು, ಬಾಗಿಲು ಉಬ್ಬುವುದು ಬಾಡಿಗೆದಾರರ ತಪ್ಪೇ? ಸೂರಿನಿಂದ ನೀರು ಇಳಿದು ಬಂದ ಬೂಸ್ಟಾದರೆ ಅದು ಓನರ್ ರಿಪೇರಿ ಮಾಡಿಸಬೇಕಾದದ್ದು. ಸೋರುತ್ತಿದೆ ಎಂದು ಆಗ ಕಳಿಸಿದ ವಾಟ್ಸಾಪ್ ಮೆಸೇಜ್ ಇದ್ದರೆ ಅಳಿಸಬೇಡಿ, ಫೋನ್ ಕೂಡ ಬದಲಾಯಿಸಬೇಡಿ. ನೀವೇ ಒಡೆದ ವಾಶ್‌ಬೇಸಿನ್, ಕಟ್ಟದ ಸೆಸ್ಕ್ ಕರೆಂಟ್ ಬಿಲ್ ಇದ್ದರೆ ಮಾತ್ರ ಅದನ್ನು ಕಳೆಯುವುದು ನ್ಯಾಯ.

ಈಗ ಓನರ್‌ಗೆ ಒಂದು ಪತ್ರ ಬರೆಯಿರಿ. ಅಡ್ವಾನ್ಸ್ ಕೊಟ್ಟ ದಿನ, ಕೀ ಒಪ್ಪಿಸಿದ ದಿನ, ಬರಬೇಕಾದ ಮೊತ್ತ, 15 ದಿನದ ಗಡುವು, ಇಷ್ಟಿದ್ದರೆ ಸಾಕು. ಪೇಂಟಿಂಗ್ ಬಿಲ್‌ನ ಪ್ರತಿಯನ್ನೂ ಕೇಳಿ. ಬಿಲ್ ಕೇಳಿದ ಕೂಡಲೇ ಮಾತು ಮೆತ್ತಗಾಗುವುದುಂಟು! ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಅದಕ್ಕೂ ಜಗ್ಗದಿದ್ದರೆ ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕೇಸ್ ಹಾಕುವ ಮೊದಲೇ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು, ಕೋರ್ಟ್ ಫೀ ಇಲ್ಲ. ಅಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ (ತೀರ್ಪಿನ ಆದೇಶದಷ್ಟೇ) ಬಲ, ಮೇಲ್ಮನವಿಯೂ ಇಲ್ಲ. ಆದರೆ ಓನರ್ ಒಪ್ಪದಿದ್ದರೆ ರಾಜಿಯಿಲ್ಲ. ಆಗ ಸಿವಿಲ್ ದಾವೆಯೇ ದಾರಿ, ಅದಕ್ಕೆ 3 ವರ್ಷದ ಕಾಲಮಿತಿ ಇದೆ. 26,000ಕ್ಕೆ ವರ್ಷಗಟ್ಟಲೆ ಅಲೆಯುವುದಕ್ಕಿಂತ ಎರಡು-ಮೂರು ಸಾವಿರ ಬಿಟ್ಟು ಅದಾಲತ್‌ನಲ್ಲೇ ಮುಗಿಸುವುದು ಲೇಸು ಎನ್ನುವುದು ನನ್ನ ಅಭಿಪ್ರಾಯ. ಓನರ್ ಚೆಕ್ ಕೊಟ್ಟು ಅದು ಬೌನ್ಸ್ ಆದರೆ ಬ್ಯಾಂಕ್ ತಿಳಿಸಿದ 30 ದಿನದೊಳಗೆ ನೋಟಿಸ್ ಕಳಿಸಿ. ಅದು ಬೇರೆಯೇ ಕೇಸ್.

ಒಂದು ವಿಷಯ ನೀವು ಬರೆದಿಲ್ಲ. ಅಡ್ವಾನ್ಸ್‌ನಲ್ಲಿ ಉಳಿದ 25,000 ವಾಪಸ್ ತೆಗೆದುಕೊಳ್ಳುವಾಗ ‘ಲೆಕ್ಕ ಪೂರ್ತಿ ಚುಕ್ತಾ’ ಎಂದು ಸಹಿ ಹಾಕಿದ್ದೀರಾ? ಹಾಕಿದ್ದರೆ ಪತ್ರ ಕಳಿಸುವ ಮೊದಲೇ ಆ ಕಾಗದವನ್ನು ವಕೀಲರಿಗೆ ತೋರಿಸಿ.