ಫೋಟೊ ನೋಡಿ ಡೇರೆ ತರಬೇಡಿ

ಏಪ್ರಿಲ್ ಬಂತೆಂದರೆ ನನಗೆ ಬರುವ ಪತ್ರಗಳಲ್ಲಿ ಅರ್ಧಕ್ಕರ್ಧ ಡೇರೆ ಹೂವಿನವೇ, ಡಾಲಿಯಾ ಎಂದರೂ ಅದೇ. ಶಿರಸಿ ಕಡೆಯ ನಮ್ಮ ಮನೆಯ ಅಟ್ಟದಲ್ಲಿ ಗಡ್ಡೆಗಳು ಕಣ್ಣು ಬಿಡುವುದೂ ಆಗಲೇ. ಮೂವತ್ತೆರಡು ಮಳೆಗಾಲ ಡೇರೆ ನೆಟ್ಟಿದ್ದೇನೆ. ಕೊಳೆಸಿದ್ದೂ ಕಡಿಮೆಯಿಲ್ಲ. ಆ ಲೆಕ್ಕದ ಮೇಲೆ ಈ ಉತ್ತರಗಳು.

ಪ್ರಶ್ನೆ: ತಟ್ಟೆಯಷ್ಟು ದೊಡ್ಡ ಹೂವೆಂದು ಫೋಟೊ ನೋಡಿ ನಾಲ್ಕು ಡೇರೆ ಗಡ್ಡೆ ತರಿಸಿದೆ. ಎರಡು ಕೊಳೆತವು. ಇನ್ನೆರಡು ಹೂ ಬಿಟ್ಟವು, ಆದರೆ ಎಲ್ಲವೂ ಕತ್ತು ಮುರಿದುಕೊಂಡವು. ನಮ್ಮ ಮಳೆಗೆ ಯಾವ ಜಾತಿ ಆಗುತ್ತದೆ ಅಕ್ಕಾ? (ತೀರ್ಥಹಳ್ಳಿ)

ನಿಮ್ಮ ಕಥೆಯೇ ನನ್ನದೂ. ಕೆಲ್ವಿನ್ ಫ್ಲಡ್‌ಲೈಟ್ ಎಂಬ ಹಳದಿ ಡೇರೆ ಇದೆ, ಊಟದ ತಟ್ಟೆಯಷ್ಟು ಅಗಲ. ಅದನ್ನು ಎಲ್ಲರ ಕಣ್ಣಿಗೆ ಬೀಳಲಿ ಎಂದು ಅಂಗಳದ ನಡುವೆ ನೆಟ್ಟೆ. ಚೌತಿಯ ಹಿಂದಿನ ರಾತ್ರಿ ಜೋರು ಮಳೆ. ಬೆಳಿಗ್ಗೆ ಹೋಗಿ ಹೂವನ್ನು ಎರಡೂ ಕೈಯಲ್ಲಿ ಹಿಡಿದು ಓರೆ ಮಾಡಿದೆ. ನೀರು ಗಳಗಳ ಸುರಿದು ನನ್ನ ಸೀರೆಯ ಮುಂಭಾಗ ಪೂರ್ತಿ ಒದ್ದೆ. ಅಷ್ಟು ಭಾರ ಹೊತ್ತ ಹೂವಿನ ದಂಟು ಒಳಗೆ ಪೊಳ್ಳು. ಮುರಿಯದೆ ಇನ್ನೇನು ಮಾಡೀತು?

ಅದರ ಪಕ್ಕದಲ್ಲೇ ನಿಂತಿದ್ದ ಚೆಂಡಿನಂಥ ಕೆಂಪು ಡೇರೆಗೆ ಏನೂ ಆಗಿರಲಿಲ್ಲ. ಅವತ್ತು ಅದರ ಎಸಳನ್ನು ಸರಿಯಾಗಿ ನೋಡಿದೆ. ಪ್ರತಿ ಎಸಳೂ ವೀಳ್ಯದೆಲೆ ಸುತ್ತಿದ ಹಾಗೆ ಒಳಕ್ಕೆ ಸುರುಳಿ. ನೀರು ನಿಲ್ಲಲು ಜಾಗವೇ ಇಲ್ಲ, ಮೇಲಿಂದ ಜಾರಿ ಹೋಗುತ್ತದೆ. ಮಲೆನಾಡಿನ ಬಯಲಿಗೆ ಇದೇ ಜಾತಿ. ಬಾಲ್ ಎಂದರೂ ಇದೇ. ಪಾಂಪಾನ್ ಎಂದರೆ ಇದರದೇ ಪುಟ್ಟ ರೂಪ, ಎರಡು ಇಂಚಿನೊಳಗಿನ ಹೂ. ಕ್ಯಾಕ್ಟಸ್ ಜಾತಿಯಲ್ಲಿ ಎಸಳು ಹಿಂದಕ್ಕೆ ಸುತ್ತಿಕೊಂಡು ಸೂಜಿಯಂತಿರುತ್ತದೆ. ಅದೂ ನೀರು ಹಿಡಿಯುವುದಿಲ್ಲ. ಆದರೆ ಮಳೆ ಬಿಡದೆ ಹೊಡೆದರೆ ತುದಿ ಕಂದುತ್ತದೆ.

ದೊಡ್ಡದು ಬೇಕೇ ಬೇಕು ಅಂದರೆ ಒಂದೋ ಎರಡೋ ಜಗುಲಿಯ ಪಕ್ಕ, ಬೆಳಗಿನ ಬಿಸಿಲು ಬೀಳುವ ಕಡೆ, ಸೂರಿನ ಒಳಗೆ ಇಡಿ. ಹಂಚಿನ ನೀರು ಬೀಳುವ ಗೆರೆಯಿಂದ ಒಂದು ಮೊಳ ಒಳಗಿರಲಿ.

ಇನ್ನು ಕೊಳೆತದ್ದು. ಮೊಳಕೆ ಬರದ ಗಡ್ಡೆಯನ್ನು ಜೂನ್ ಮಳೆಗೆ ನೆಟ್ಟರೆ ಅದು ಏಳುವ ಮೊದಲೇ ಕೊಳೆಯುತ್ತದೆ. ಮೇ ತಿಂಗಳಲ್ಲೇ ಸೂರಿನಡಿ, ಕುಂಡದಲ್ಲಿ ಹಸಿ ಮರಳು ಹಾಕಿ ಮೊಳಕೆ ಬರಿಸಿ. ಗೇಣುದ್ದ ಆದ ಮೇಲೆ ಏರು ಮಡಿಗೆ ನೆಡಿ. ಕೊಳ್ಳುವಾಗ ಗಡ್ಡೆಯ ಗಾತ್ರ ನೋಡಬೇಡಿ. ಅದರ ಕತ್ತು ಮುರಿದಿರಬಾರದು. ಹಳೆಯ ದಂಟು ಸೇರುವ ಜಾಗದಲ್ಲಿ ಕಣ್ಣಿರಬೇಕು. ಕಣ್ಣಿಲ್ಲದ್ದು ಗೆಣಸಿನಷ್ಟು ದಪ್ಪ ಇದ್ದರೂ ಗಿಡವಾಗುವುದಿಲ್ಲ. ಮತ್ತೊಂದು ಮಾತು: ಗಿಡದ ಆಸರೆಗೆ ಅಡಿಕೆ ದಬ್ಬೆಯನ್ನು ನೆಡುವ ದಿನವೇ ಊರಿಬಿಡಿ. ಆಮೇಲೆ ಊರಲು ಹೋದರೆ ಗಡ್ಡೆಗೇ ಚುಚ್ಚುತ್ತೀರಿ, ಅನುಭವದ ಮಾತು.

ಪ್ರಶ್ನೆ: ಬೆಂಗಳೂರಿನಲ್ಲಿ ನಮಗಿರುವುದು ತಾರಸಿ ಮಾತ್ರ. ಡೇರೆ ಬೆಳೆಯಬಹುದಾ? (ಬಸವನಗುಡಿ)

ಧಾರಾಳವಾಗಿ. ಡೇರೆಯ ಮೂಲ ಮೆಕ್ಸಿಕೋದ ಬೆಟ್ಟದ ಸೀಮೆ. ಹಗಲು ಬಿಸಿಲು, ರಾತ್ರಿ ತಂಪು ಇದ್ದರೆ ಅದಕ್ಕೆ ಖುಷಿ. ನಿಮ್ಮ ಹವೆ ನಮ್ಮದಕ್ಕಿಂತ ವಾಸಿ. ತಾರಸಿಯ ಗಾಳಿಗೆ ಮಾತ್ರ ಎತ್ತರದ ಜಾತಿ ಬೇಡ. ಬೀಜದಿಂದ ಮಾಡಿದ ಗಿಡ್ಡ ಡೇರೆ ಸಸಿ ನರ್ಸರಿಗಳಲ್ಲಿ ಸಿಗುತ್ತದೆ, ಫಿಗಾರೊ ಎಂಬುದು ಅಂಥದ್ದು. ಒಂದಡಿ ಚಿಲ್ಲರೆ ಎತ್ತರ, ಕೋಲು ಬೇಡ. 12 ಇಂಚಿನ ಕುಂಡ ಸಾಕು. ಜೇನು ಬರಲಿ ಎಂಬ ಆಸೆ ಇದ್ದರೆ ಒಂದು ಸುತ್ತು ಎಸಳಿನ ಹೂ ಆರಿಸಿ. ತುಂಬಿದ ಹೂವಿನೊಳಗೆ ಜೇನಿಗೆ ದಾರಿಯೇ ಸಿಗುವುದಿಲ್ಲ. ಬಿಷಪ್ ಆಫ್ ಲ್ಯಾಂಡಫ್ ಎಂಬ ಹಳೇ ಜಾತಿ ಸಿಕ್ಕಿದರೆ ಬಿಡಬೇಡಿ. ವೇಲ್ಸ್‌ನಲ್ಲಿ 1920ರ ದಶಕದಲ್ಲಿ ಬಂದದ್ದು, ಕಪ್ಪಗಿನ ಎಲೆ, ಕೆಂಡದ ಬಣ್ಣದ ಹೂ. ಹೂವಿಲ್ಲದಾಗಲೂ ಗಿಡ ಚೆಂದ. ಅದು ಮೂರಡಿ ಏರುತ್ತದೆ, ಗೋಡೆ ಮರೆಗಿಡಿ.

ಪ್ರಶ್ನೆ: ಕಾಲು ಎಕರೆಯಲ್ಲಿ ಡೇರೆ ಹಾಕಿ ಮದುವೆ ಅಲಂಕಾರದವರಿಗೆ ಕೊಡಬೇಕು ಅಂತಿದ್ದೇನೆ. ಕಫೆ ಓ ಲೇ ಜಾತಿಗೆ ಭಾರಿ ಬೇಡಿಕೆಯಂತೆ. ಅದನ್ನೇ ಹಾಕಲಾ? (ಹಾಸನ)

ಹಾಕಿ, ಐದೇ ಐದು ಗಿಡ.

ಹೂ ಚೆಂದವೇ, ಹಾಲು ಜಾಸ್ತಿಯಾದ ಕಾಫಿಯ ಬಣ್ಣ. ಆದರೆ ಒಂದು ಗಿಡದ್ದು ಕೆನೆ ಬಣ್ಣ, ಪಕ್ಕದ ಗಿಡದ್ದು ತೆಳು ಗುಲಾಬಿ. ಒಂದೇ ಬಣ್ಣದ ನೂರು ಹೂ ಕೇಳಿದವರಿಗೆ ಎಲ್ಲಿಂದ ಕೊಡುತ್ತೀರಿ? ಬೆರಳು ತಗುಲಿದಲ್ಲಿ ಎಸಳು ಕಂದುತ್ತದೆ. ಗಿಡಕ್ಕೆ ಹೂವೂ ಕಡಿಮೆ. ಮಿಕ್ಕ ಜಾಗಕ್ಕೆಲ್ಲ ಬಾಲ್ ಜಾತಿ ಹಾಕಿ. ಕಾರ್ನೆಲ್ ಎಂಬ ಗಾಢ ಕೆಂಪು ಕತ್ತರಿಸುವುದಕ್ಕೆ ಹೇಳಿ ಮಾಡಿಸಿದ ಹೂ: ದಂಟು ಗಟ್ಟಿ, ಎಸಳು ಬಿಗಿ. ಅಲಂಕಾರದವರು ಬಿಳಿ ಕೇಳುತ್ತಾರೆ, ಸ್ವಲ್ಪ ಇರಲಿ. ಆದರೆ ಬಿಳಿಯ ಮೇಲೆ ಪ್ರತಿ ಮಳೆಹನಿಯ ಕಲೆಯೂ ಕಾಣುತ್ತದೆ.

ಡೇರೆ ಗುಲಾಬಿಯಲ್ಲ ಎಂಬುದನ್ನು ಮೊದಲು ಮನಸ್ಸಿಗೆ ಹಾಕಿಕೊಳ್ಳಿ. ಗುಲಾಬಿ ಮೊಗ್ಗು ನೀರಿನಲ್ಲಿಟ್ಟರೂ ಅರಳುತ್ತದೆ. ಡೇರೆ ಕೊಯ್ದ ಮೇಲೆ ಹೆಚ್ಚುಕಮ್ಮಿ ಅಷ್ಟಕ್ಕೇ ನಿಂತುಬಿಡುತ್ತದೆ. ಮುಕ್ಕಾಲು ಅರಳಿದ ಮೇಲೆಯೇ ಕೊಯ್ಯಬೇಕು. ಜಾಸ್ತಿ ಬಲಿಯಿತೋ ಇಲ್ಲವೋ ಎಂದು ಮುಂದಿನಿಂದ ನೋಡಿದರೆ ತಿಳಿಯದು. ಹೂವನ್ನು ಬಗ್ಗಿಸಿ ಬೆನ್ನಿನ ಎಸಳನ್ನು ಹೆಬ್ಬೆರಳಲ್ಲಿ ಮುಟ್ಟಿ. ಬಿಗಿಯಾಗಿ ತಣ್ಣಗಿದ್ದರೆ ಕೊಯ್ಯಿರಿ. ಒದ್ದೆ ಕಾಗದದ ಹಾಗೆ ಜೋತಿದ್ದರೆ ಅದು ದೇವರ ಮನೆಗೆ, ಮಾರಾಟಕ್ಕಲ್ಲ. ಬೆಳಗಿನ ತಂಪಿನಲ್ಲೇ ಕೊಯ್ಯಬೇಕು. ನಾನು ದಂಟಿನ ಬುಡ ಎರಡು ಇಂಚು ಮುಳುಗುವಂತೆ ಬಿಸಿ ನೀರಲ್ಲಿಟ್ಟು, ಅದು ತಣಿಯುವವರೆಗೂ ಬಿಡುತ್ತೇನೆ. ಕುದಿಯುವ ನೀರಲ್ಲ, ಕೈಗೆ ಚುರುಕ್ಕೆನ್ನುವಷ್ಟು. ಹೀಗೆ ಮಾಡಿದರೂ ಐದು ದಿನಕ್ಕಿಂತ ಹೆಚ್ಚು ನಂಬಬೇಡಿ. ಡಬ್ಬಿಯಲ್ಲಿ ತುಂಬಿ ದೂರದ ಪೇಟೆಗೆ ಕಳಿಸುವ ಸರಕಲ್ಲ ಇದು. ಒಂದೆರಡು ಗಂಟೆ ದಾರಿಯೊಳಗಿನ ಗಿರಾಕಿ ಹುಡುಕಿ.

ಪಂಚಾಂಗವನ್ನೂ ಬಿಡಿಸಿ ನೋಡಿ. ನೆಟ್ಟು ಸುಮಾರು ಮೂರು ತಿಂಗಳಿಗೆ ಹೂ. ಜೂನ್‌ನಲ್ಲಿ ನೆಟ್ಟರೆ ಹೂ ತುಂಬಿ ಬರುವುದು ಸರಿಯಾಗಿ ಪಿತೃಪಕ್ಷದ ಆಸುಪಾಸು! ಆಗ ಮದುವೆ ಎಲ್ಲಿ? ಕಾರ್ತಿಕದ ಮುಹೂರ್ತಗಳಿಗೆ ಬೇಕಿದ್ದರೆ ಅರ್ಧ ಗಡ್ಡೆಯನ್ನಾದರೂ ಆಗಸ್ಟ್‌ವರೆಗೆ ತಡೆದು ನೆಡಿ.

ನಾಲ್ಕು ಜೊತೆ ಎಲೆ ಬಂದಾಗ ಕುಡಿ ಚಿವುಟಿ, ಪಕ್ಕದ ಟಿಸಿಲು ಒಡೆಯುತ್ತದೆ. ಮೂರು ಮೊಗ್ಗು ಒಟ್ಟಿಗಿದ್ದರೆ ನಡುವಿನದು ಬಿಟ್ಟು ಉಳಿದವನ್ನು ತೆಗೆಯಿರಿ. ಕೊಯ್ಯುವಾಗ ಉದ್ದಕ್ಕೆ ಕೊಯ್ಯಿರಿ, ಗಿಡಕ್ಕೆ ನೋವಾಗುತ್ತದೆ ಅನ್ನಬೇಡಿ. ಉದ್ದ ಕೊಯ್ದರೆ ಮುಂದಿನ ದಂಟೂ ಉದ್ದ ಬರುತ್ತದೆ. ಮೊದಲ ವರ್ಷ ಕಾಲು ಎಕರೆ ಬೇಡ. ಇಪ್ಪತ್ತು ಗಿಡ ಸಾಕು.

ಪ್ರಶ್ನೆ: ನೀಲಿ ಡೇರೆ ಎಲ್ಲಿ ಸಿಗುತ್ತದೆ? (ಹುಬ್ಬಳ್ಳಿ)

ಫೋಟೊದಲ್ಲಿ. ಡೇರೆಯಲ್ಲಿ ನಿಜವಾದ ನೀಲಿ ಇಲ್ಲ, ನೇರಳೆವರೆಗೆ ಮಾತ್ರ. ನೇರಳೆಯಲ್ಲಿ ಥಾಮಸ್ ಎಡಿಸನ್ ಎಂಬುದು ಹಳೆಯದು, ಚೆನ್ನಾಗಿದೆ. ನಾನೂ ಒಮ್ಮೆ ಬಿಳಿ ಎಂದು ದುಡ್ಡು ಕೊಟ್ಟು ತರಿಸಿದ ಮೂರು ಗಡ್ಡೆಯಲ್ಲಿ ಎರಡು ಗುಲಾಬಿ ಬಿಟ್ಟವು, ಮೂರನೆಯದು ಏಳಲೇ ಇಲ್ಲ. ಹೂ ಇರುವಾಗಲೇ ಕಂಡು, ಅದೇ ಮನೆಯಿಂದ ಗಡ್ಡೆ ಕೇಳಿ ತರುವುದು ಎಲ್ಲಕ್ಕಿಂತ ಒಳ್ಳೆಯದು. ಕಂಡ ಬಣ್ಣವೇ ಬೇಕಿದ್ದರೆ ಬೀಜ ಮಾತ್ರ ತರಬೇಡಿ. ತಾಯಿಯ ಹಾಗೆ ಮಗಳು ಬರುವುದಿಲ್ಲ.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಅಮ್ಮ ಊರಿನಲ್ಲಿ ಮಾಡುವಂತೆ ಗಡ್ಡೆಯನ್ನು ನೆಲದಲ್ಲೇ ಬಿಟ್ಟಿದ್ದೆ, ಒಂದೂ ಉಳಿಯಲಿಲ್ಲ.

ನಿಮ್ಮಮ್ಮನ ಗಡ್ಡೆ ಮಲಗುವುದು ಬೇಸಿಗೆಯಲ್ಲಿ, ನಿಮ್ಮದು ಚಳಿಗಾಲದಲ್ಲಿ. ನೆಲ ಹೆಪ್ಪುಗಟ್ಟಿದರೆ ಗಡ್ಡೆ ಒಳಗಿಂದಲೇ ಲೋಳೆಯಾಗುತ್ತದೆ. ಮೊದಲ ಇಬ್ಬನಿ ಹೆಪ್ಪಿಗೆ ಎಲೆ ಕಪ್ಪಾದ ಮೇಲೆ ದಂಟು ಕತ್ತರಿಸಿ, ವಾರ ಬಿಟ್ಟು ಅಗೆಯಿರಿ. ಮನೆಯ ಅತಿ ತಂಪು ಮೂಲೆಯಲ್ಲಿ, ಆದರೆ ಹೆಪ್ಪುಗಟ್ಟದಲ್ಲಿ, ಸ್ವಲ್ಪವೇ ಪಸೆ ಇರುವ ವರ್ಮಿಕ್ಯುಲೈಟ್ ಎಂಬ ಹಗುರ ಖನಿಜದ ಚೂರಿನಲ್ಲಿ ಹೂತಿಡಿ. ಹೀಟರ್ ಪಕ್ಕ ಇಟ್ಟರೆ ಒಣ ಖರ್ಜೂರ ಸಿಗುತ್ತದೆ ಅಷ್ಟೇ. ಮತ್ತೆ ನೆಡುವುದು ಮೇ ಅರ್ಧ ಕಳೆದ ಮೇಲೆ. ನಮ್ಮ ಹಾಗೆ ತಿಂಗಳುಗಟ್ಟಲೆ ಸುರಿಯುವ ಮಳೆ ನಿಮಗಿಲ್ಲ, ಹಾಗಾಗಿ ತಟ್ಟೆಯಂಥ ಡೇರೆ ನೀವು ಬೆಳೆಸಿ. ನನಗೆ ಸ್ವಲ್ಪ ಹೊಟ್ಟೆಕಿಚ್ಚು.

ಪ್ರಶ್ನೆ: ಅಜ್ಜಿಮನೆಯಿಂದ ತಂದ ಕಡುಗೆಂಪು ಡೇರೆಯ ಫೋಟೊ ಕಳಿಸಿದ್ದೇನೆ. ಇದರ ಹೆಸರೇನು? (ಸಾಗರ)

ಫೋಟೊ ನೋಡಿ ಹೇಳುವವರನ್ನು ನಂಬಬೇಡಿ, ನನ್ನನ್ನೂ ಸೇರಿಸಿ. ಈ ಬಣ್ಣದ ಚೆಂಡು ಡೇರೆಗಳು ಲೆಕ್ಕವಿಲ್ಲದಷ್ಟಿವೆ. ಡಾಲಿಯಾ ಎಂಬ ಹೆಸರಾದರೂ 1791ರಲ್ಲಿ ಮ್ಯಾಡ್ರಿಡ್‌ನಲ್ಲಿ ಇಟ್ಟದ್ದು. ಅದು ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಆಂಡರ್ಸ್ ಡಾಲ್ ನೆನಪಿಗೆ. ನಮ್ಮೂರಲ್ಲಿ ಗಡ್ಡೆ ಕೊಟ್ಟ ಮನೆಯದೇ ಹೆಸರು. ನನ್ನಲ್ಲಿ ಕೆಳಗಿನಮನೆ ಡೇರೆ ಇದೆ, ಚಿಕ್ಕಮ್ಮನ ಡೇರೆ ಇದೆ. ಬಸ್ಸಿನಲ್ಲಿ ಪಕ್ಕ ಕೂತವರು ಚೀಲದಿಂದ ತೆಗೆದುಕೊಟ್ಟ ಬಸ್ಸಿನ ಡೇರೆಯೂ ಇದೆ. ನಿಮ್ಮದು ಅಜ್ಜಿಮನೆ ಡೇರೆ.

ಹೆಸರಿಗಿಂತ ಗುರುತು ಮುಖ್ಯ. ಗಿಡ ಒಣಗುವ ಮೊದಲೇ ದಂಟಿನ ಬುಡಕ್ಕೆ ಹೂವಿನದೇ ಬಣ್ಣದ ಬಟ್ಟೆ ಚೂರು ಕಟ್ಟಿ. ಗಡ್ಡೆ ಕಿತ್ತು ಬಚ್ಚಲ ಒಲೆ ಬೂದಿ ಹಚ್ಚಿ ಮರಳಲ್ಲಿಟ್ಟರೂ ಯಾವುದು ಯಾವುದೆಂದು ಗೊತ್ತಾಗುತ್ತದೆ. ನಾನು ಹಳೇ ರವಿಕೆ ಬಟ್ಟೆ ಕಟ್ಟುತ್ತೇನೆ. ಈ ಸಲ ಇಲಿ ಬಂದು ಅಷ್ಟೂ ಚೂರನ್ನು ಗೂಡಿಗೆ ಒಯ್ದಿದೆ. ನಲವತ್ತು ಗಡ್ಡೆ ಅಟ್ಟದಲ್ಲಿವೆ, ಕೆಳಗಿನಮನೆಯದು ಯಾವುದು ಎಂದು ಚೌತಿಯವರೆಗೆ ನನಗೂ ತಿಳಿಯದು.